ನಲವತ್ತಲ್ಲ, ನಾಲ್ಕು

ಹವಾಮಾನ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಮೋಡದಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ನಾಲ್ಕನೆಯ ವಯಸ್ಸಿಗೆ ವೀಕ್ಷಕಿಯಾಗಿ ಸೇರಿದವಳು, ಇನ್ನೂ ಇಪ್ಪತ್ನಾಲ್ಕು ವರ್ಷ ಅದೇ ಬೇಲಿಯೊಳಗೆ ಕಳೆದಿದ್ದಳು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಮುಚ್ಚಳ ತೆಗೆದು, ಒಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಮೊಣಕಾಲೂರಿ ಕೂತು, ನೀರಿನ ಗೆರೆಯ ಸಮಕ್ಕೆ ಕಣ್ಣಿಟ್ಟು ಓದುತ್ತಿದ್ದಳು. ನಿಂತುಕೊಂಡೇ ಮೇಲಿನಿಂದ ಓದಿದರೆ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಆ ಕೂದಲೆಳೆಯನ್ನೂ ಅವಳು ಬಿಡುತ್ತಿರಲಿಲ್ಲ. ‘ಸುಮಾರು’ ಎಂಬ ಪದ ಕಿವಿಗೆ ಬಿದ್ದರೆ ಅವಳಿಗೆ ಮೈಯುರಿಯುತ್ತಿತ್ತು. ಹೊಸದಾಗಿ ಬಂದ ಸಹಾಯಕನೊಬ್ಬ ಒಮ್ಮೆ, “ಗಾಳಿ ಸುಮಾರಾಗಿದೆ ಮೇಡಂ” ಎಂದದ್ದಕ್ಕೆ, “ಸುಮಾರಾಗಿರೋದು ನಿನ್ನ ಕೆಲಸ, ಗಾಳಿಗೆ ಲೆಕ್ಕ ಇದೆ” ಎಂದು ಅವನನ್ನು ವಾಪಸು ಓಡಿಸಿದ್ದಳು.

ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದುಕೊಂಡು ಇದ್ದಳು. ಕೆಳಗೆ ಅಕ್ಕ ಮತ್ತು ಭಾವ. ಭಾವನದು ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ಅವರಿಗಿದ್ದ ಚಟ ಒಂದೇ, ಯುದ್ಧದಾಟ. ಮೇಜಿನ ಮೇಲೆ ಭೂಪಟ ಹಾಸಿ, ಮರದ ಸಣ್ಣ ಸಣ್ಣ ಬಿಲ್ಲೆಗಳನ್ನು ದಳಗಳೆಂದು ನಿಲ್ಲಿಸಿ, ಗಂಟೆಗಟ್ಟಲೆ ಆಡುವ ಆಟ. ಅಂಗಡಿಯಿಂದ ಕೊಂಡು ತಂದ ಆಟದಲ್ಲಿ ಹವಾಮಾನಕ್ಕೆ ಒಂದು ದಾಳವಿತ್ತು: ಆರು ಬಿದ್ದರೆ ಮಳೆ, ಒಂದು ಬಿದ್ದರೆ ಬಿಸಿಲು. ಹನ್ನೊಂದು ವರ್ಷದ ಹಿಂದೆ ಅದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಇದೆಂಥ ಆಕಾಶ ಭಾವ? ನಿನ್ನೆ ಜಡಿಮಳೆ, ಇವತ್ತು ರಣಬಿಸಿಲು, ನೆಲ ಆಗಲೇ ಒಣಗಿಯೇ ಹೋಯ್ತಾ? ನಿಮ್ಮ ಫಿರಂಗಿ ಬಂಡಿಗಳೇನು ಕೆಸರಿನ ಮೇಲೆ ಹಾರಿಕೊಂಡು ಹೋಗ್ತವಾ?”

“ಹಾಗಾದ್ರೆ ನೀನೇ ಒಂದು ಆಕಾಶ ಮಾಡಿಕೊಡಮ್ಮ” ಎಂದರು ಭಾವ, ತಮಾಷೆಗೆ.

ಅವಳು ತಮಾಷೆ ಎಂದುಕೊಳ್ಳಲಿಲ್ಲ. ಎರಡು ತಿಂಗಳು ಕೂತು ಮಾಡಿಯೇ ಕೊಟ್ಟಳು. ಮೊದಲು ಭೂಪಟ: ಒಂದು ಕಲ್ಲುದಿಣ್ಣೆ, ಅದರ ಬುಡದಲ್ಲಿ ಜೇಡಿಮಣ್ಣಿನ ಬಯಲು, ನಡುವೆ ಎರಡು ಸೇತುವೆ ಮತ್ತು ನೀರಲ್ಲಿ ನಡೆದೇ ದಾಟುವ ಒಂದು ಹಾಯ್ಗಡ ಇರುವ ಹೊಳೆ, ಅಂಚಿನಲ್ಲಿ ಜೌಗು. ಆಮೇಲೆ ನಿಯಮಗಳು. ಐದು ಮಿಲಿಮೀಟರಿನೊಳಗಿನ ಮಳೆಗೆ ಯಾರ ನಡೆಯೂ ಕಡಿಮೆಯಾಗದು. ಹತ್ತು ದಾಟಿದರೆ ಜೇಡಿಯ ಮೇಲೆ ಬಂಡಿಗಳು ಅರ್ಧ ದೂರ ಮಾತ್ರ ಹೋಗುತ್ತವೆ. ಮೂವತ್ತು ದಾಟಿದರೆ ಹೂತುಕೊಂಡು ಎರಡು ದಿನ ಅಲ್ಲಾಡುವುದಿಲ್ಲ. ಅದೇ ಮಳೆ ಕಲ್ಲುದಿಣ್ಣೆಯ ಮೇಲೆ ಬಿದ್ದರೆ ಬಂಡಿಗೆ ಏನೂ ಆಗದು, ಆದರೆ ಮೇಲಿನಿಂದ ಇಳಿದು ಬಂದು ಹೊಡೆಯುವ ಕುದುರೆದಳಕ್ಕೆ ಸಿಗುವ ಹೆಚ್ಚಿನ ಬಲ ಜಾರುವ ಕಲ್ಲಿನಿಂದಾಗಿ ಇಲ್ಲವಾಗುತ್ತದೆ. ಇಂದು ಬಿದ್ದ ಮಳೆಗೆ ಹೊಳೆ ಏರುವುದು ನಾಳೆ. ಆಗ ಹಾಯ್ಗಡ ಬಂದ್. ಮಂಜು ಕವಿದರೆ ಪಟದ ಮೇಲೆ ಒಂದು ಗೇಣಿನಾಚೆ ಗುಂಡು ಹಾರಿಸುವಂತಿಲ್ಲ. ಗಾಳಿ ಯಾರ ಮುಖಕ್ಕೆ ಬೀಸುತ್ತದೋ ಅವರ ಕಣ್ಣಿಗೆ ಮದ್ದಿನ ಹೊಗೆ, ಅವರ ಗುರಿ ಕೆಡುತ್ತದೆ.

ಇವೆಲ್ಲಕ್ಕೂ ಜೀವಾಳ ಇನ್ನೊಂದು ನಿಯಮ. ಇಬ್ಬರೂ ದಿನದ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಮಡಚಿಟ್ಟ ಮೇಲೆಯೇ ಆ ದಿನದ ಹವಾಮಾನ ಹೊರಬೀಳಬೇಕು. ಅಂದರೆ ಸೇನಾಪತಿಯಾದವನು ನಿನ್ನೆ ಮೊನ್ನೆಯ ಗಾಳಿ ಮಳೆ ನೋಡಿ ನಾಳೆಯದನ್ನು ಊಹಿಸಬೇಕು. ಆ ಹವಾಮಾನ ನಿಜವಾದದ್ದೇ ಆಗಿರಬೇಕು, ದಾಳದ್ದಲ್ಲ.

ನಿಜವಾದ ಹವಾಮಾನ ಸಿಕ್ಕಿದ್ದು ರಟ್ಟಜ್ಜನ ಹತ್ತಿರ. ರಟ್ಟಜ್ಜ ಪುಸ್ತಕಕ್ಕೆ ರಟ್ಟು ಕಟ್ಟುವವನು. ಬೆಟ್ಟದ ಮೇಲಿದ್ದ ಹಳೆಯ ವೀಕ್ಷಣಾಲಯವೊಂದು ಎಂದೋ ಮುಚ್ಚಿಹೋದಾಗ ಅದರ ಮೂವತ್ತೊಂದು ವರ್ಷದ ಕೈಬರಹದ ದಾಖಲೆಗಳನ್ನು ರದ್ದಿಯಾಗಿ ಕೊಂಡು ತಂದಿದ್ದ. ಅಕ್ಷರ ಮುದ್ದಾಗಿದೆಯೆಂದು ಹರಿಯಲು ಮನಸ್ಸಾಗದೆ ಅಟ್ಟದ ಮೇಲೆ ಇಟ್ಟಿದ್ದ. ಪ್ರತಿ ಆಟಕ್ಕೂ ಅಜ್ಜ ತನ್ನಿಷ್ಟದ ಒಂದು ತಿಂಗಳು ಆರಿಸುವುದು, ಯಾವ ವರ್ಷ ಯಾವ ತಿಂಗಳೆಂದು ಬಾಯಿ ಬಿಡದೆ ದಿನಕ್ಕೊಂದು ಸಾಲು ಓದುವುದು ಎಂದಾಯಿತು. ಭಾನುವಾರ ಮಧ್ಯಾಹ್ನ ಅಜ್ಜ ತನ್ನ ಅಂಗಡಿಯ ಕತ್ತರಿ, ಅಂಟಿನ ಡಬ್ಬಿ ಎಲ್ಲ ಸರಿಸಿ ಮೇಜು ಖಾಲಿ ಮಾಡುತ್ತಿದ್ದ. ಒಂದು ಭಾನುವಾರಕ್ಕೆ ಏಳೆಂಟು ದಿನದ ಯುದ್ಧ. ನಾಲ್ಕು ಭಾನುವಾರಕ್ಕೆ ಒಂದು ಆಟ ಮುಗಿಯುತ್ತಿತ್ತು.

ಮೊದಲ ದಿನವೇ ಅವಳು ಭಾವನಿಗೆ ಹೇಳಿದ್ದಳು: “ನೋಡಿ ಭಾವ, ಆ ವೀಕ್ಷಣಾಲಯದ ಅಂಕಿಗಳೆಲ್ಲ ಆಗಿನ ವಾರ್ಷಿಕ ಸಂಪುಟಗಳಲ್ಲಿ ಅಚ್ಚಾಗಿವೆ. ದೊಡ್ಡ ಲೈಬ್ರರಿಯ ಒಳಕೋಣೆಯಲ್ಲಿ ಸಾಲಾಗಿ ಇಟ್ಟಿದ್ದಾರೆ. ನಾನೂ ಆ ಕಡೆ ಸುಳಿಯಲ್ಲ, ನೀವೂ ಸುಳಿಯಬೇಡಿ.”

“ಛೆ ಛೆ, ಅದನ್ನೂ ಹೇಳ್ಬೇಕಾ?” ಎಂದು ಭಾವ ಅವಳ ಕೈ ಮೇಲೆ ಕೈಯಿಟ್ಟಿದ್ದರು.

ಆಟ ಶುರುವಾದ ಮೇಲೆ ವಿಚಿತ್ರವೊಂದು ಕಂಡಿತು. ಪ್ರತಿ ಆಟದ ಮೊದಲ ಭಾನುವಾರ ಭಾವ ಎಡವುತ್ತಿದ್ದರು. ಬಂಡಿಗಳನ್ನು ಕೆಸರಿಗೆ ಇಳಿಸುತ್ತಿದ್ದರು, ಮಂಜಿನಲ್ಲಿ ಗುಂಡು ಹಾಳು ಮಾಡುತ್ತಿದ್ದರು. ಎರಡನೆಯ ಭಾನುವಾರದಿಂದ ಬೇರೆಯೇ ಮನುಷ್ಯ. ಹೊಳೆ ಏರುವ ಹಿಂದಿನ ದಿನ ಅವರ ದಳ ದಾಟಿ ಆಚೆ ದಡದಲ್ಲಿರುತ್ತಿತ್ತು, ಅವಳದು ಈಚೆ ದಡದಲ್ಲಿ ನೀರು ನೋಡುತ್ತ ನಿಂತಿರುತ್ತಿತ್ತು. ಗಾಳಿ ದಿಕ್ಕು ಬದಲಿಸುವ ದಿನವೇ ಅವರು ಎದುರು ಮಗ್ಗುಲಿಗೆ ಬಂದಿರುತ್ತಿದ್ದರು. “ನನಗೆ ಶುರು ಆಗೋದು ನಿಧಾನ ಕಣಮ್ಮ. ಒಂದು ವಾರದ ಆಕಾಶ ನೋಡಿದ ಮೇಲೆ ಉಳಿದದ್ದು ಹಾಗೇ ಹೊಳೆಯುತ್ತೆ” ಎನ್ನುತ್ತಿದ್ದರು, ಮೊಣಕಾಲು ಉಜ್ಜಿಕೊಳ್ಳುತ್ತ. ರಟ್ಟಜ್ಜ ಅವರಿಗೆ ‘ಆಕಾಶ ಓದುವವರು’ ಎಂದು ಹೆಸರಿಟ್ಟ. ಹೆಸರು ಪೇಟೆಬೀದಿಗೂ ಹಬ್ಬಿತು. ಕನ್ನಡಕಕ್ಕೆ ಬಂದವರು, “ನಾಳೆ ಬಟ್ಟೆ ಒಗೆಯಬಹುದಾ ಸ್ವಾಮಿ?” ಎಂದು ಕೇಳಿ ಹೋಗುತ್ತಿದ್ದರು.

ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ, ಬೆರಗಾಯಿತು. ತನ್ನ ವಿದ್ಯೆಯಲ್ಲೇ ಇಲ್ಲದ ಏನೋ ಒಂದು ಭಾವನಿಗೆ ಒಲಿದಿದೆ, ಅದನ್ನು ಕಂಡುಹಿಡಿಯಬೇಕು ಎಂದು ಹಟ ಹಿಡಿದಳು. ಒಂದು ಪುಸ್ತಕ ಮಾಡಿ, ಭಾವ ಯಾವ ದಿನ ಎಷ್ಟು ಹೊತ್ತು ಯೋಚಿಸಿದರು, ಯಾವಾಗ ಮೊಣಕಾಲು ಉಜ್ಜಿದರು ಎಂಬುದನ್ನೂ ಬರೆದಳು. ಎಂದೋ ಬಿದ್ದ ಮಳೆ ಇಂದಿನ ಮೊಣಕಾಲಿಗೆ ತಿಳಿಯುವುದಿಲ್ಲವೆಂದು ಅವಳಿಗೇನು ಗೊತ್ತಿರಲಿಲ್ಲವೇ? ಯೋಚನೆ ತೀರ್ಮಾನಕ್ಕೆ ಬಂದಾಗ ಕೈ ಅಲ್ಲಿಗೆ ಹೋಗುತ್ತದೆ, ಆ ಯೋಚನೆ ಎಲ್ಲಿಂದ ಹೊರಡುತ್ತದೆಂದು ಹಿಡಿದರೆ ಸಾಕು ಎಂದುಕೊಂಡಿದ್ದಳು. ತಪ್ಪು ತನ್ನ ನಿಯಮಗಳಲ್ಲಿದೆಯೇನೋ ಎಂದು ನಿಯಮಗಳನ್ನು ಒಂಬತ್ತು ಸಲ ತಿದ್ದಿದಳು. ಜೌಗಿನ ಲೆಕ್ಕ ಬದಲಿಸಿದಳು, ಹೊಳೆ ಇಳಿಯುವ ವೇಗ ಬದಲಿಸಿದಳು. ಏನು ಮಾಡಿದರೂ, ಅಪರೂಪಕ್ಕೊಮ್ಮೆ ಬಿಟ್ಟರೆ, ಭಾವನೇ ಗೆಲ್ಲುತ್ತಿದ್ದರು.

ಆರು ವರ್ಷದ ಹಿಂದೆ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಅನುಭವವಿರುವ ವೀಕ್ಷಕರಿಂದ ಕೆಲವರನ್ನು ಮುನ್ಸೂಚನೆ ವಿಭಾಗಕ್ಕೆ ತೆಗೆದುಕೊಳ್ಳುತ್ತೇವೆ, ಅರ್ಜಿ ಹಾಕಿ ಎಂದು. ಅವಳ ಮೇಲಧಿಕಾರಿ ಖುದ್ದಾಗಿ ಕರೆದು, “ನೀವು ಹಾಕಲೇಬೇಕು” ಎಂದರು. ಚಿಕ್ಕಂದಿನಿಂದ ಅವಳಿಗಿದ್ದ ಆಸೆ ಅದೊಂದೇ: ಆಗಿಹೋದ ಮಳೆ ಬರೆಯುವುದಲ್ಲ, ಬರುವ ಮಳೆ ಹೇಳುವುದು. ಆ ಸಂಜೆ ಅರ್ಜಿಯ ನಮೂನೆ ಹಿಡಿದುಕೊಂಡು ಕೆಳಗಿಳಿದು ಬಂದು ಭಾವನ ಮುಂದೆ ಇಟ್ಟಳು.

ಭಾವ ಓದಿದರು. ಕನ್ನಡಕ ತೆಗೆದು ಒರೆಸಿದರು. “ನೀನು ಬರೆದಿಡೋದರಲ್ಲಿ ಗಟ್ಟಿಗಿತ್ತಿ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮುಂದೆ ಬರೋದನ್ನ ಹೇಳೋದು ಬೇರೆ ವಿದ್ಯೆ ಕಣಮ್ಮ. ಆಟದಲ್ಲೇ ನೋಡ್ತಿದ್ದೀಯಲ್ಲ.”

ಅವಳು ನೋಡುತ್ತಿದ್ದಳು, ನಿಜ. ಮಗ್ಗಿ ಒಪ್ಪಿಸಿದ ಹಾಗೆ ಸಾಲಾಗಿ ಸೋಲುತ್ತಿದ್ದಳು. ಕನ್ನಡಕ ಮಾರುವವರಿಗೆ ತಿಳಿಯುವ ನಾಳೆ ತನಗೆ ತಿಳಿಯದಿದ್ದರೆ, ಮುನ್ಸೂಚನೆ ನಂಬಿ ಕಡಲಿಗೆ ದೋಣಿ ಇಳಿಸುವವರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದುಕೊಂಡಳು. ಅರ್ಜಿ ಹಾಕಲಿಲ್ಲ.

ಹೀಗೆ ನಡೆದುಕೊಂಡು ಬಂದದ್ದು ಒಂದು ಭಾನುವಾರದ ತನಕ. ಆಟದ ಮೂರನೆಯ ಭಾನುವಾರ, ಹದಿನೇಳನೆಯ ದಿನ. ಮೂರು ದಿನದಿಂದ ಗಾಳಿ ನೈಋತ್ಯದಿಂದ ಬೀಸುತ್ತಿತ್ತು, ಬೆಳಗಿನ ತೇವಾಂಶ ಏರುತ್ತಲೇ ಇತ್ತು. ದೊಡ್ಡ ಮಳೆ ಬರುತ್ತದೆ ಎಂದು ಅವಳ ಮನಸ್ಸು ಹೇಳಿತು. ತನ್ನ ಬಂಡಿಗಳನ್ನೆಲ್ಲ ಕಲ್ಲುದಿಣ್ಣೆಯ ದಾರಿಗೆ ಹತ್ತಿಸಲು ಬರೆದು ಚೀಟಿ ಮಡಚಿದಳು. ಭಾವನೂ ಮಡಚಿಟ್ಟರು. ಚೀಟಿ ಬಿಚ್ಚಿದಾಗ ಅವರ ಆಜ್ಞೆ ನೋಡಿ ಅವಳೇ ಗಾಬರಿಯಾದಳು: ಆರೂ ಫಿರಂಗಿ ಬಂಡಿಗಳು ಜೇಡಿಮಣ್ಣಿನ ಬಯಲಿನ ಅಡ್ಡಕ್ಕೆ, ಒಂದೇ ದಿನದಲ್ಲಿ. ಒಣನೆಲವಾದರೆ ಅವಳ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದವು; ಆಟ ಅಲ್ಲಿಗೆ ಮುಗಿಯುತ್ತಿತ್ತು.

ರಟ್ಟಜ್ಜ ದಾಖಲೆಯ ಸಾಲಿನ ಮೇಲೆ ಬೆರಳಿಟ್ಟು ಓದಿದ. “ಹದಿನೇಳು. ಗಾಳಿ ನೈಋತ್ಯ, ಜೋರು. ಮಳೆ ನಲವತ್ತು.”

“ನಲವತ್ತಲ್ಲ, ನಾಲ್ಕು!” ಎಂದರು ಭಾವ.

“ಏನಂದೆ?”

“ನಾಲ್ಕು ಅಜ್ಜ, ನಾಲ್ಕು. ಸರಿಯಾಗಿ ನೋಡಿ ಓದಿ.”

“ಸರಿಯಾಗೇ ನೋಡ್ತಿದ್ದೀನಪ್ಪ. ಈ ಕನ್ನಡಕ ಮಾಡಿಕೊಟ್ಟವನು ನೀನೇ ಅಲ್ವಾ?” ಅಜ್ಜ ಪುಸ್ತಕವನ್ನು ಬೆಳಕಿಗೆ ಹಿಡಿದ. “ನಾಲ್ಕು, ಸೊನ್ನೆ. ಆಮೇಲೆ ಚುಕ್ಕಿ. ಆಮೇಲೆ ಇನ್ನೊಂದು ಸೊನ್ನೆ. ನಲವತ್ತೇ.”

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಭಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಚಿತು. ತಾನೇನು ಆಡಿದೆನೆಂದು ಅವರಿಗೆ ಆಗ ಅರಿವಾಗಿತ್ತು.

“ನನ್ನ ಅಂದಾಜು ಹೇಳಿದೆ ಅಷ್ಟೆ” ಎಂದರು. “ಈ ಹೊತ್ತಿನಲ್ಲಿ ಅಷ್ಟು ಮಳೆ ಬರಲ್ಲ ಅಂತ.”

“ಬರಲ್ಲ ಅನ್ನಲಿಲ್ಲ ಭಾವ ನೀವು” ಎಂದಳು ಅವಳು. ದನಿ ತನ್ನದಲ್ಲವೇನೋ ಎನ್ನುವಷ್ಟು ಮೆಲ್ಲಗಿತ್ತು. “ನಾಲ್ಕು ಅಂದ್ರಿ.”

ಭಾವ ಮೊಣಕಾಲು ಉಜ್ಜಿಕೊಂಡರು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಂಡಿಗಳು ಜೇಡಿಯಲ್ಲಿ ಹೂತವೆಂದು ಗುರುತು ಹಾಕಲೂ ನಿಲ್ಲಲಿಲ್ಲ.

ಮಾರನೆಯ ದಿನ ಹನ್ನೊಂದು ವರ್ಷದಲ್ಲಿ ಮೊದಲ ಸಲ ದೊಡ್ಡ ಲೈಬ್ರರಿಯ ಒಳಕೋಣೆಗೆ ಕಾಲಿಟ್ಟಳು. ಮೂವತ್ತೊಂದು ಸಂಪುಟಗಳೂ ಇದ್ದವು. ಧೂಳಿರಬೇಕಾಗಿತ್ತು, ಇರಲಿಲ್ಲ. ಮೊದಲೆರಡು ಭಾನುವಾರದ ಅಂಕಿಗಳು ಅವಳಿಗೆ ಬಾಯಿಪಾಠವಿದ್ದವು. ಒಂದೊಂದೇ ತಿಂಗಳು ತಿರುವುತ್ತ ಹೋದಳು. ಹತ್ತೊಂಬತ್ತನೆಯ ಸಂಪುಟದಲ್ಲಿ ಸಿಕ್ಕಿತು. ಹದಿನೇಳನೆಯ ತಾರೀಖಿನ ಎದುರು ಅಚ್ಚಾಗಿತ್ತು: 4.0. ಅಚ್ಚಿನ ಮೊಳೆ ಜೋಡಿಸುವಾಗ ಯಾರೋ ಒಂದು ಸೊನ್ನೆ ನುಂಗಿದ್ದರು.

ಆ ಕೋಣೆಗೆ ಬಂದವರು ಸಹಿ ಹಾಕುವ ಪುಸ್ತಕವೊಂದಿತ್ತು. ಗ್ರಂಥಪಾಲಕಿ ತಾನಾಗಿಯೇ ಹೇಳಿದಳು: “ಕನ್ನಡಕದಂಗಡಿಯವರು ನಿಮ್ಮ ಭಾವ ಅಲ್ವಾ? ಅವರ ಹಾಗೆ ಓದುವವರು ಈಗ ಯಾರಿದ್ದಾರೆ ಹೇಳಿ. ಸೋಮವಾರ ಅಂಗಡಿ ರಜ ಅಲ್ವಾ, ಬಂದುಬಿಡ್ತಾರೆ. ಇವತ್ತು ಯಾಕೋ ಬಂದಿಲ್ಲ.” ನಾಲ್ಕು ವರ್ಷದ ಪುಸ್ತಕಗಳು ಅಲ್ಲಿದ್ದವು, ಅದಕ್ಕೂ ಹಿಂದಿನವು ಗೋದಾಮಿಗೆ ಹೋಗಿದ್ದವು. ಅವಳು ಹಾಳೆ ತಿರುವಿದಳು. ತಿಂಗಳಿಗೊಂದು ಸೋಮವಾರವಾದರೂ ಭಾವನ ಸಹಿ ಇತ್ತು, ಬಾಲ ಎಳೆದ ಅದೇ ಸಹಿ. ಮೊದಲ ಭಾನುವಾರದ ಏಳೆಂಟು ದಿನದ ಅಂಕಿ ಕೈಯಲ್ಲಿದ್ದರೆ ತಿಂಗಳು ಹುಡುಕುವುದು ಎರಡು ಗಂಟೆಯ ಕೆಲಸ. ನಿಧಾನವಾಗಿ ಶುರುವಾಗುವ ಮನುಷ್ಯ ಎರಡನೆಯ ಭಾನುವಾರ ಹೇಗೆ ಬೇರೆಯಾಗುತ್ತಿದ್ದನೆಂದು ಆಗ ತಿಳಿಯಿತು. ತಾನೇ ಅವರಿಗೆ ಈ ಕೋಣೆಯ ದಾರಿ ಹೇಳಿಕೊಟ್ಟದ್ದು.

ಮಂಗಳವಾರ ಕೆಲಸ ಮುಗಿಸಿ ನೇರ ಅಂಗಡಿಗೆ ಹೋದಳು. ಅಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಭಾವ ಒಳಗೆ ಗಾಜು ಉಜ್ಜುವ ಯಂತ್ರದ ಮುಂದೆ. ಅವಳನ್ನು ನೋಡಿ ಯಂತ್ರ ನಿಲ್ಲಿಸಿದರು.

“ಯಾಕೆ ಭಾವ?”

ಅವರು ಗಾಜನ್ನು ಯಂತ್ರದಿಂದ ಬಿಡಿಸಿಕೊಂಡರು. “ಮೊದಲ ಸಲ ಒಂದೇ ಒಂದು ಆಟ ಗೆಲ್ಲಬೇಕು ಅಂತ ಹೋದೆ. ನೀನು ಅವತ್ತು ನನ್ನ ಕಡೆ ನೋಡಿದೆಯಲ್ಲ, ಹಾಗೆ ನನ್ನನ್ನ ಯಾರೂ ನೋಡಿರಲಿಲ್ಲ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ.”

“ಅರ್ಜಿ ತಂದು ನಿಮ್ಮ ಮುಂದೆ ಇಟ್ಟೆ. ಅವತ್ತಾದರೂ?”

“ಅವತ್ತು ಹೇಳಿದ್ರೆ ಎಲ್ಲಾ ಹೇಳಬೇಕಾಗ್ತಿತ್ತು.”

“ಅದಕ್ಕೆ ನನ್ನ ಕೈಲಿ ಆಗಲ್ಲ ಅಂದ್ರಾ?”

ಭಾವ ಉಜ್ಜದೆ ಉಳಿದ ಗಾಜನ್ನು ಕೈಯಲ್ಲಿ ತಿರುಗಿಸುತ್ತ ತಲೆ ತಗ್ಗಿಸಿದರು. ಅಷ್ಟರಲ್ಲಿ ಅಕ್ಕ ಎದ್ದು ಬಂದಳು. “ಸಾಕು ಬಿಡೇ. ಒಂದು ಆಟಕ್ಕೆ ಇಷ್ಟೊಂದಾ? ಮರದ ತುಂಡುಗಳಿಗೋಸ್ಕರ ಮನೆ ಮುರ್ಕೋತೀಯಾ?”

ಅವಳು ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. “ಅಕ್ಕಾ, ನಿನಗೆ ಗೊತ್ತಿತ್ತಾ?”

“ಸೋಮವಾರ ಗಂಡ ಎಲ್ಲಿಗೆ ಹೋಗ್ತಾನೆ ಅಂತ ಹೆಂಡತಿಗೆ ಗೊತ್ತಿರಲ್ವಾ?”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ವಾರವೆಲ್ಲ ಮುಖ ಗಂಟುಹಾಕ್ಕೊಂಡು ಕೂತಿರೋ ಮನುಷ್ಯ, ಭಾನುವಾರ ಸಂಜೆ ಶಿಳ್ಳೆ ಹಾಕ್ಕೊಂಡು ಬರ್ತಿದ್ದರು. ನೀನು ಸೋತರೂ ನಗ್ತಾನೇ ಇದ್ದೆ. ನಿನಗೇನು ಕಡಿಮೆಯಾಯ್ತು ಅಂದುಕೊಂಡೆ.”

ಭಾವನ ಮೇಲೆ ಬಂದಿದ್ದ ಸಿಟ್ಟಿಗೆ ಒಂದು ಆಕಾರವಿತ್ತು. ಇದಕ್ಕೆ ಇರಲಿಲ್ಲ. ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ ಅಕ್ಕ, ಒಂದೇ ಜಡೆಪಟ್ಟಿಯನ್ನು ಇಬ್ಬರಿಗೂ ಹಂಚಿ ಕಟ್ಟಿದ ಅಕ್ಕ, ಹನ್ನೊಂದು ವರ್ಷ ಮೆಟ್ಟಿಲ ಕೆಳಗೆ ಕೂತು ತನ್ನನ್ನು ನೋಡುತ್ತಿದ್ದಳು. ಮೊಣಕಾಲು ಉಜ್ಜುವ ಲೆಕ್ಕ ಬರೆಯುವ ತಂಗಿಯನ್ನು ನೋಡುತ್ತಲೇ ಇದ್ದಳು. ಅದೇ ವಾರ ಅವಳು ಹವಾಮಾನ ಕೇಂದ್ರದ ಹತ್ತಿರ ಒಂದು ಕೋಣೆ ಹಿಡಿದು ಟೆಂಪೋದಲ್ಲಿ ಸಾಮಾನು ಸಾಗಿಸಿದಳು. ಅಕ್ಕ ಬಾಗಿಲಲ್ಲಿ ನಿಂತು ಅತ್ತಳು. ಇವಳಿಗೆ ಅಳು ಬರಲಿಲ್ಲ.

ಮುಖ್ಯ ಕಚೇರಿಗೆ ಪತ್ರ ಬರೆದಳು. ಮುನ್ಸೂಚನೆ ವಿಭಾಗಕ್ಕೆ ಈಗಲಾದರೂ ಪರಿಗಣಿಸಬೇಕೆಂದು. ಒಂದೂವರೆ ತಿಂಗಳಿಗೆ ಉತ್ತರ ಬಂತು, ಎರಡೇ ಸಾಲು: ವಯೋಮಿತಿ ನಲವತ್ತೈದು, ತಾವು ಅದನ್ನು ಮೂರು ವರ್ಷ ದಾಟಿರುತ್ತೀರಿ. ಆರು ವರ್ಷದ ಹಿಂದೆ ಅವಳ ಬದಲು ಆಯ್ಕೆಯಾದವನು ಅವಳಿಗಿಂತ ಕಿರಿಯ, ಈಗ ದಿನಾ ಬೆಳಿಗ್ಗೆ ದೂರವಾಣಿಯಲ್ಲಿ ಅವಳ ಅಂಕಿಗಳನ್ನು ಕೇಳಿ ಬರೆದುಕೊಳ್ಳುವವನು. ಪತ್ರ ಮಡಚಿಟ್ಟು ಅವಳು ಹೊಸದೊಂದು ಪುಸ್ತಕ ತೆರೆದಳು. ಪ್ರತಿ ಸಂಜೆ ನಾಳೆಯದನ್ನು ಬರೆಯುವುದು, ಬೆಳಿಗ್ಗೆ ತಾಳೆ ನೋಡುವುದು. ನೂರು ದಿನದಲ್ಲಿ ಎಪ್ಪತ್ತೊಂದು ಸರಿ ಬಂದವು. ಅದೇ ನೂರು ದಿನ ಕಚೇರಿಯ ಮುನ್ಸೂಚನೆ ಸರಿ ಬಂದದ್ದು ಅರವತ್ತಾರು ಸಲ. ಇದನ್ನು ಯಾರಿಗೂ ತೋರಿಸಲಿಲ್ಲ. ತೋರಿಸಲು ಇದ್ದವರು ಇಬ್ಬರೇ, ಇದು ಅವಳ ಕೈಲಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ ಒಂದು ಪೊಟ್ಟಣ ಹಿಡಿದು ಬಂದಳು. “ನಿನಗೇ ಕೊಡು ಅಂದರು. ಮುಚ್ಚಿಟ್ಟದ್ದು ಇನ್ನೇನೂ ಉಳಿಯಬಾರದಂತೆ.” ಕೂರು ಎನ್ನುವ ತನಕ ಕಾದಳು, ಇವಳು ಅನ್ನಲಿಲ್ಲ, ಹೋದಳು.

ಒಳಗೆ ಭಾವನ ಕೈಬರಹದ ನೋಟುಪುಸ್ತಕಗಳು. ಪ್ರತಿ ಆಟಕ್ಕೂ ಒಂದು ಪುಟ: ಯಾವ ಸಂಪುಟ, ಯಾವ ತಿಂಗಳು, ಯಾವ ದಿನ ಎಷ್ಟು ಮಳೆ, ಅದಕ್ಕೆ ತಕ್ಕ ನಡೆ. ಒಟ್ಟು ತೊಂಬತ್ತಮೂರು ಆಟ. ಅವುಗಳಲ್ಲಿ ಅವಳು ಗೆದ್ದದ್ದು ಹದಿನಾಲ್ಕು. ಆ ಹದಿನಾಲ್ಕೂ ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿದ್ದವು. ಮಂಜಿನ ಮರೆಯಲ್ಲಿ ಸೇತುವೆ ಹಿಡಿದದ್ದು, ಹೊಗೆ ಎದುರಾಳಿಯ ಕಡೆ ತಿರುಗುವ ತನಕ ಮೂರು ದಿನ ಸುಮ್ಮನೆ ಕಾದದ್ದು. ಆ ಪುಟಗಳನ್ನು ಹುಡುಕಿ ತೆಗೆದಳು. ಮೊದಲನೆಯದರ ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು: ‘ಬೇಸರ ಮಾಡಿಕೊಂಡಿದ್ದಾಳೆ. ಬಿಟ್ಟುಕೊಟ್ಟೆ.’ ಎರಡನೆಯದರ ಕೆಳಗೆ: ‘ಬಿಟ್ಟುಕೊಟ್ಟೆ.’ ಮೂರನೆಯದು, ನಾಲ್ಕನೆಯದು. ಗೆಲುವೂ ತನ್ನದಾಗಿರಲಿಲ್ಲ. ಸೋಲು ಕದ್ದದ್ದಕ್ಕಿಂತ ಇದು ಅವಳಿಗೆ ಹೆಚ್ಚು ಚುಚ್ಚಿತು. ಬೇರೆಯವರಾಗಿದ್ದರೆ ಅಲ್ಲಿಗೇ ಮುಚ್ಚಿಡುತ್ತಿದ್ದರು. ಅವಳು ಲೆಕ್ಕ ಅರ್ಧಕ್ಕೆ ಬಿಡುವವಳಲ್ಲ, ಹದಿನಾಲ್ಕನ್ನೂ ನೋಡಿದಳು.

ಹದಿಮೂರರ ಕೆಳಗೆ ಅದೇ ಮಾತು. ಹನ್ನೊಂದನೆಯದರ ಪುಟದಲ್ಲಿ ಮಾತ್ರ ಅಂಕಿಗಳೇ ಇರಲಿಲ್ಲ. ಒಂದೇ ಸಾಲು: ‘ಸಂಪುಟದಲ್ಲಿ ಹಾಳೆ ಹರಿದಿದೆ. ಸೋತೆ.’

ಆ ಆಟ ನೆನಪಾಯಿತು. ಕೊನೆಯ ಭಾನುವಾರ ಭಾವ ತಲೆನೋವೆಂದು ಮುಖ ಸಿಂಡರಿಸಿಕೊಂಡು, ಕೈಕುಲುಕದೆ, ಅರ್ಧ ಟೀ ಬಿಟ್ಟು ಎದ್ದು ಹೋಗಿದ್ದರು. ಗೆದ್ದದ್ದೇ ತಪ್ಪಾಯಿತೇನೋ ಎಂದು ಅವಳಿಗೆ ಸಂಕಟವಾಗಿತ್ತು. ಔಷಧದಂಗಡಿಗೆ ಹೋಗಿ ಮಾತ್ರೆ ತಂದು, ಮೆಟ್ಟಿಲಿಳಿದು ಹೋಗಿ, ನೀರಿನ ಲೋಟದ ಜೊತೆ ಅವರ ಕೈಗೆ ಕೊಟ್ಟಿದ್ದಳು. ಅವರು ನುಂಗಿದ್ದರು. “ನೀನು ಒಳ್ಳೆಯವಳು ಕಣಮ್ಮ” ಎಂದಿದ್ದರು. ಅಕ್ಕ ಪಕ್ಕದಲ್ಲೇ ನಿಂತು ದೀಪ ಸಣ್ಣ ಮಾಡಿದ್ದಳು.

ಅವಳು ‘ಸೋತೆ’ ಎಂದಿದ್ದ ಆ ಒಂದು ಪುಟವನ್ನು ಮಾತ್ರ ಅಂಚು ಹರಿಯದ ಹಾಗೆ ಬಿಡಿಸಿ ಇಟ್ಟುಕೊಂಡಳು. ಉಳಿದದ್ದನ್ನೆಲ್ಲ ಹಾಗೇ ಪೊಟ್ಟಣ ಕಟ್ಟಿ, ಮೇಲೆ ಅಂಗಡಿಯ ವಿಳಾಸ ಬರೆದು, ಟಪಾಲಿನಲ್ಲಿ ವಾಪಸು ಕಳಿಸಿದಳು. ಕಳಿಸಿದವರ ಹೆಸರಿನ ಜಾಗದಲ್ಲಿ ಏನೂ ಬರೆಯಲಿಲ್ಲ.